27ನೇ ಪಾಠಕ್ಕೆ ಬಂದೆ, ಅಲ್ಲಲ್ಲ, ಹೋದೆ

ಮೆಕ್ಸಿಕೋದ ಗ್ವಾದಲಹಾರಾದಿಂದ ದಾವಣಗೆರೆಗೆ ಬಂದು ಆರು ವಾರ ಆಯ್ತು. ಅರ್ಧ ರಜೆ, ಅರ್ಧ ಮನೆಯಿಂದಲೇ ಕೆಲಸ. ಸ್ಪ್ಯಾನಿಷ್ ಕೋರ್ಸ್ ಮಾತ್ರ ಬಿಟ್ಟಿಲ್ಲ. ಅಲ್ಲಿಂದ ಹೊರಟಾಗ 55 ಪಾಠಗಳಲ್ಲಿ 21ನೆಯದರಲ್ಲಿದ್ದೆ, ಈಗ 27. ನನ್ನ ಮಟ್ಟಿಗೆ ಇದು ಓಟ. ಮೆಕ್ಸಿಕೋದಲ್ಲಿ ಒಂದೇ ಪಾಠವನ್ನು ತಿಂಗಳುಗಟ್ಟಲೆ ಎಳೆದದ್ದುಂಟು. ನಾನು ಬಾಯಿ ತೆರೆದ ಕೂಡಲೇ ಆಫೀಸಿನವರೆಲ್ಲ ಕನಿಕರಪಟ್ಟು ಇಂಗ್ಲಿಷಿಗೆ ತಿರುಗಿಬಿಡೋರು.

ಕೋರ್ಸ್ ಹಳೇದು. ಅಮೆರಿಕದವರು ತಮ್ಮ ರಾಯಭಾರ ಸಿಬ್ಬಂದಿಗೆ ಅಂತ ಮಾಡಿದ್ದು. ಟೇಪಿನ ಸುಯ್ಯೆನ್ನುವ ಸದ್ದಿನ ನಡುವೆ ಒಬ್ಬರು ವಾಕ್ಯ ಹೇಳ್ತಾರೆ, ಆಮೇಲೆ ಖಾಲಿ ಜಾಗ, ಅದರೊಳಗೆ ನಾವು ಪದ ಬದಲಿಸಿ ಒಪ್ಪಿಸಬೇಕು. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೀತಾ ಒಪ್ಪಿಸ್ತೀನಿ. ವಾಕಿಂಗಿಗೆ ಬಂದವರು ಯಾರದೋ ಜೊತೆ ಫೋನಲ್ಲಿ ಜಗಳ ಆಡ್ತಿದಾನೆ ಅಂದ್ಕೊಳ್ತಾರೆ. ಅಂದ್ಕೊಳ್ಳಲಿ.

ಇಲ್ಲಿಗೆ ಬಂದ ಮೇಲೆ ಮಾಡಿದ ಬದಲಾವಣೆ ಒಂದೇ. ಪುಟದ ಇಂಗ್ಲಿಷ್ ಸಾಲನ್ನು ಪಟ್ಟಿ ಇಟ್ಟು ಮುಚ್ಚಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡ ಬರೆದುಕೊಳ್ಳೋದು. ಶುರುವಾಗಿದ್ದು ಅಮ್ಮನಿಂದ. 'ಮೆ ಗುಸ್ತಾ ಎಲ್ ಕಫೆ' ಅನ್ನೋದನ್ನು ಇಂಗ್ಲಿಷಿನವರಿಗೆ ತಿಳಿಸೋಕೆ ಕೋರ್ಸು ಪುಟಗಟ್ಟಲೆ ಒದ್ದಾಡುತ್ತೆ: ಕಾಫಿಯೇ ಕರ್ತೃ, ಅದು 'ನನಗೆ' ಹಿಡಿಸುತ್ತೆ ಅಂತ. ನಾನೂ ಹಾಗೇ ಬಾಯಿಪಾಠ ಮಾಡಿದ್ದೆ. ಮುಂದಿನ ಸಾಲು 'ಮೆ ದುಯೇಲೆ ಲಾ ರೊದಿಯಾ'. ಅದನ್ನು ಗುನುಗುತ್ತಿದ್ದಾಗಲೇ ಒಳಗಿಂದ ಅಮ್ಮ, "ನಂಗೆ ಮೊಣಕಾಲು ನೋಯ್ತೈತಿ, ಸ್ವಲ್ಪ ಎಣ್ಣೆ ಡಬ್ಬಿ ತಗೊಂಬಾ" ಅಂದಳು. ಪದಕ್ಕೆ ಪದ ಅದೇ. ನನಗೆ ನೋಯುತ್ತೆ, ನನಗೆ ಇಷ್ಟ. ಹುಟ್ಟಿದಾಗಿನಿಂದ ಆಡುತ್ತಿರುವ ವಾಕ್ಯವನ್ನು ಎರಡು ವರ್ಷ ಇಂಗ್ಲಿಷ್ ಮೂಲಕ ಸುತ್ತಿ ಬಳಸಿ ಕಲಿತೆನಲ್ಲ!

ಹಾಗೇ ನೋಡಿದರೆ ಇನ್ನೂ ಬೇಕಾದಷ್ಟು ಸಿಕ್ಕವು. ತು ಅಂದರೆ ನೀನು, ಉಸ್ತೆದ್ ಅಂದರೆ ನೀವು. 'ನಾನು' ಅಂತ ಹೇಳಬೇಕಿಲ್ಲ, ಹೋಗ್ತೀನಿ ಅಂದರೆ ಸಾಕು. ತ, ದ ಎರಡೂ ಹಲ್ಲಿಗೆ ತಾಗಿಸಿಯೇ ಹೇಳೋದು. ಅಪ್ಪ ಹತ್ತಿಗಿರಣಿಯಲ್ಲಿ ದುಡಿದವರು, ಸಂಬಳ ಅಂದವರಲ್ಲ, ಪಗಾರ ಅಂತಲೇ ಅಂದವರು. ಪೋರ್ಚುಗೀಸರಿಂದ ಬಂದ ಮಾತು ಅದು; ಸ್ಪ್ಯಾನಿಷಿನಲ್ಲೂ 'ಪಗಾರ್' ಅಂದರೆ ಹಣ ಕೊಡೋದು. ನಮ್ಮ ಚಾವಿ ಅಲ್ಲಿ 'ಯಾವೆ'. "ಹಂಗಾದ್ರೆ ಅರ್ಧ ಭಾಷೆ ನಂಗೂ ಬರ್ತತಿ ಬಿಡು" ಅಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

ಆದರೆ ಕನ್ನಡವೇ ಕಾಲು ಹಿಡಿದು ಕೆಡವಿದ ಕಥೆಯೂ ಇದೆ. ಹೊರಡುವಾಗ ನಾವು ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ಹೋದ ವರ್ಷ ಒಂದು ಶುಕ್ರವಾರ ಸಂಜೆ ಆಫೀಸಿನಿಂದ ಹೊರಡುವಾಗ ಗೇಟಿನ ಕಾವಲುಗಾರರಿಗೆ ಕೈಯೆತ್ತಿ 'ಅಒರೀತಾ ಬೆಂಗೊ' ಅಂದೆ. ಅದರರ್ಥ ಈಗಲೇ ವಾಪಸ್ ಬಂದೆ ಅಂತ. ಪಾಪ, ಆ ಮನುಷ್ಯ ಗೇಟಿಗೆ ಬೀಗ ಹಾಕದೆ ಬಹಳ ಹೊತ್ತು ಕಾದರಂತೆ. ಉಲ್ಟಾನೂ ಅಷ್ಟೇ: ಯಾರಾದರೂ ಕರೆದರೆ ನಾವು "ಬಂದೆ, ಬಂದೆ" ಅಂತೀವಿ, ಅವರು 'ಯಾ ಬೋಯ್', ಅಂದರೆ ಹೋದೆ ಅಂತಾರೆ. ಈಗ ಅಮ್ಮ ಊಟಕ್ಕೆ ಕರೆದಾಗಲೆಲ್ಲ ಯಾ ಬೋಯ್ ಅಂತ ಕೂಗೋದೇ ಅಭ್ಯಾಸ. ಮೊದಲೆರಡು ದಿನ ಬೈದಳು.

ನಿಜಕ್ಕೂ ತಲೆ ತಿನ್ನುತ್ತಿರೋದು ಒತ್ತು. ಒತ್ತಕ್ಷರ ಅಲ್ಲ, ಪದದ ಯಾವ ಭಾಗವನ್ನು ಒತ್ತಿ ಹೇಳ್ತೀವಿ ಅನ್ನೋದು. 'ಆಬ್ಲೊ' ಅಂತ ಮೊದಲಲ್ಲಿ ಒತ್ತಿದರೆ ನಾನು ಮಾತಾಡ್ತೀನಿ. ಕೊನೆಯಲ್ಲಿ ಒತ್ತಿ 'ಆಬ್ಲೋ' ಅಂದರೆ ಅವನೋ ಅವಳೋ ಮಾತಾಡಿದ್ದು. ಕನ್ನಡದಲ್ಲಿ ಹೀಗೆ ಒತ್ತಿ ಹೇಳೋದು ಅರ್ಥ ಬದಲಿಸಲ್ಲ, ಹಾಗಾಗಿ ಕಿವಿಗೆ ಅದು ಬೀಳೋದೇ ಇಲ್ಲ. ನಾನು ಒತ್ತುವ ಬದಲು ಎಳೀತೀನಿ. ಭಾನುವಾರ ಇಂಥ 40 ಜೋಡಿ ಕೇಳಿ ಬರೆದೆ, 26 ಸರಿ. ಅದಕ್ಕೂ ಮೊದಲಿನ ವಾರ 19 ಇತ್ತು. ಇನ್ನು ಲಿಂಗದ್ದು ನ್ಯಾಯವೇ ಅಲ್ಲ: ಮೇಜನ್ನು ಹೆಣ್ಣು ಮಾಡಿ ಕೂರಿಸ್ತಾರೆ, ಮಾತಾಡಿದ್ದು ಗಂಡೋ ಹೆಣ್ಣೋ ಅಂತ ಕ್ರಿಯಾಪದ ಬಾಯಿ ಬಿಡಲ್ಲ. 'ಇರು' ಅನ್ನೋದಕ್ಕೆ ಇರುವ ಎರಡು ಕ್ರಿಯಾಪದ, ಸೇರ್, ಎಸ್ತಾರ್ ಬಗ್ಗೆ ಎಲ್ಲರೂ ಬರೀತಾರೆ, ನಾನು ಬರೆಯಲ್ಲ.

'ಪೆರೊ' ಅಂದರೆ ಆದರೆ, 'ಪೆರ್ರೊ' ಅಂದರೆ ನಾಯಿ. ಆ ನಡುಗುವ ರ್ರ ಇನ್ನೂ ಹತ್ತರಲ್ಲಿ ನಾಲ್ಕು ಸಲ ಬರುತ್ತೆ ಅಷ್ಟೇ. ಹಳಗನ್ನಡದ ಶಕಟರೇಫೆಯನ್ನು (ಱ, ಗಡುಸು ರಕಾರ) ನಾವು ಕಳಕೊಳ್ಳದೇ ಇದ್ದಿದ್ದರೆ ಇಷ್ಟು ಕಷ್ಟ ಆಗ್ತಿರಲಿಲ್ಲವೇನೋ. ತಾರಸಿ ಮೇಲೆ ಅಭ್ಯಾಸ ಮಾಡಿದರೆ ಪಕ್ಕದ ಮನೆಯ ಹುಡುಗ ನನಗಿಂತ ಚೆನ್ನಾಗಿ ಹೇಳಿ, ಬಾಯಲ್ಲೇ ಆಟೋ ಓಡಿಸಿಕೊಂಡು ಓಡಿಹೋಗ್ತಾನೆ.

ವಾರಕ್ಕೆರಡು ಸಲ ಸಂಜೆ ಏಳೂವರೆಗೆ ಗ್ವಾದಲಹಾರಾದ ರೂಮ್‌ಮೇಟ್ ಜೊತೆ ಕಾಲ್. ಅವನಿಗಾಗ ಬೆಳಿಗ್ಗೆ ಎಂಟು. ಅವನು ಕಾಫಿ ಕುಡೀತಿರ್ತಾನೆ, ನಾನು ಮಂಡಕ್ಕಿ ಮಿರ್ಚಿ ತಿಂತಿರ್ತೀನಿ. ಮೊನ್ನೆ 22 ನಿಮಿಷ ಇಂಗ್ಲಿಷಿಲ್ಲದೆ ನಡೀತು. ಆಮೇಲೆ ಮಂಡಕ್ಕಿ ಭಟ್ಟಿ ಅಂದರೇನು ಅಂತ ಕೇಳಿದ. ಬಿಸಿ ಮರಳು, ಅಕ್ಕಿ, ಅದು ಉಬ್ಬೋದು ಅನ್ನುವಷ್ಟರಲ್ಲಿ ಕೈ ಸನ್ನೆಗೆ ಇಳಿದೆ.

28ನೇ ಪಾಠದ ಆಡಿಯೋ ಹನ್ನೊಂದನೇ ನಿಮಿಷಕ್ಕೆ ನಿಂತುಹೋಗ್ತಿದೆ. ಇನ್ನೊಂದು ಪ್ರತಿ ಹುಡುಕಬೇಕು. ಅಲ್ಲಿವರೆಗೆ ಒತ್ತಿನ 40 ಜೋಡಿಗಳನ್ನೇ ಮತ್ತೆ ಕೇಳ್ತೀನಿ.