ಯೋಸ್ಟ್ ಕಟ್ಟಿದ ಕ್ರೀಡಾಂಗಣ, ವಾರ್ಡ್ ಆಡದ ಪಂದ್ಯ

ಆನ್ ಆರ್ಬರ್ ಊರಿನಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯದ ಫುಟ್ಬಾಲ್ ಕ್ರೀಡಾಂಗಣವು ಅಮೆರಿಕದಲ್ಲೇ ಅತಿ ದೊಡ್ಡದು. ಇಲ್ಲಿ ಫುಟ್ಬಾಲ್ ಎಂದರೆ ಹೆಲ್ಮೆಟ್ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಆದರೆ ಎರಡು ಪಕ್ಕಗಳಲ್ಲಿ 2010ರ ಹೊತ್ತಿಗೆ ಎದ್ದುನಿಂತ ಇಟ್ಟಿಗೆಯ ಕಟ್ಟಡಗಳನ್ನು ಬಿಟ್ಟರೆ, ಹೊರಗಿನಿಂದ ಅದರ ಗಾತ್ರ ಅಂದಾಜಿಗೆ ಸಿಗುವುದಿಲ್ಲ, ಏಕೆಂದರೆ ಅದರ ಬಹುಪಾಲು ನೆಲದೊಳಗಿದೆ. ಬಾಗಿಲಲ್ಲಿ ಟಿಕೆಟ್ ತೋರಿಸಿ ಒಳಗೆ ಹೋದವರು ಮೆಟ್ಟಿಲು ಹತ್ತುವ ಬದಲು, ನಮ್ಮ ದೇವಸ್ಥಾನಗಳ ಕಲ್ಯಾಣಿಗೆ ಇಳಿಯುವಂತೆ, ಕೆಳಕ್ಕೆ ಇಳಿಯುತ್ತಾ ತಮ್ಮ ಜಾಗ ಹುಡುಕಿಕೊಳ್ಳಬೇಕು. ಆಸನಗಳ ಅಧಿಕೃತ ಸಂಖ್ಯೆ 1,07,601. ಕೊನೆಯ ಆ ಒಂದು ಆಸನವು ಹಿಂದೆ ಕೋಚ್ ಆಗಿದ್ದ ಫ್ರಿಟ್ಜ್ ಕ್ರಿಸ್ಲರ್ ಅವರ ಗೌರವಾರ್ಥವಾಗಿ ಇಟ್ಟದ್ದು, ಅದು ಎಲ್ಲಿದೆಯೆಂದು ಯಾರಿಗೂ ಹೇಳುವುದಿಲ್ಲ ಎಂಬುದು ಇಲ್ಲಿನ ಮಾತು. 1975ರ ನವೆಂಬರ್‌ನಿಂದ ಈಚೆಗೆ, ಸೋಂಕಿನ ಕಾರಣ ಪ್ರೇಕ್ಷಕರಿಲ್ಲದೆ ನಡೆದ 2020ರ ಪಂದ್ಯಗಳ ಹೊರತು, ಇಲ್ಲಿ ನಡೆದ ತಂಡದ ಪ್ರತಿ ಪಂದ್ಯಕ್ಕೂ ಲಕ್ಷಕ್ಕೂ ಮೇಲ್ಪಟ್ಟು ಜನ ಸೇರಿದ್ದಾರೆ. 2013ರಲ್ಲಿ ನೋಟ್ರ ಡೇಮ್ ವಿರುದ್ಧದ ಪಂದ್ಯಕ್ಕೆ ಬಂದವರು 1,15,109.

ಇದನ್ನು ಕಟ್ಟಿಸಿದವರು ಫೀಲ್ಡಿಂಗ್ ಯೋಸ್ಟ್. 1901ರಲ್ಲಿ ಕೋಚ್ ಆಗಿ ಬಂದ ಅವರು ಮೊದಲ ವರ್ಷವೇ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಕೊಡದೆ 550 ಅಂಕ ಗಳಿಸಿದ ತಂಡವನ್ನು ತಯಾರು ಮಾಡಿದರು. ಆ ಋತುವಿನ ಕೊನೆಯಲ್ಲಿ, 1902ರ ಹೊಸವರ್ಷದ ದಿನ, ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ನಡೆದ ರೋಸ್ ಬೌಲ್ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ತಂಡವು ಇವರೆದುರು 49-0 ಅಂತರದಿಂದ ಸೋತಿತು. ಮುಂದೆ ಕ್ರೀಡಾ ವಿಭಾಗದ ನಿರ್ದೇಶಕರಾದಾಗ ಯೋಸ್ಟ್ ಅವರ ಗಮನ ಕಟ್ಟಡಗಳ ಕಡೆಗೆ ಹರಿಯಿತು. ಕ್ರೀಡಾಂಗಣಕ್ಕೆ ಸರ್ಕಾರದ ಹಣಕ್ಕಾಗಿ ಕಾಯದೆ, ತಲಾ 500 ಡಾಲರ್ ಬೆಲೆಯ ಬಾಂಡ್‌ಗಳನ್ನು ಸಾರ್ವಜನಿಕರಿಗೆ ಮಾರಿ, ಕೊಂಡವರಿಗೆ ಬಡ್ಡಿಯ ಜೊತೆಗೆ ಮೈದಾನದ ನಡುಭಾಗದ ಒಳ್ಳೆಯ ಟಿಕೆಟ್‌ಗಳನ್ನು ಖರೀದಿಸುವ ಹಕ್ಕನ್ನೂ ಕೊಟ್ಟು, 1927ರಲ್ಲಿ ಅದನ್ನು ತೆರೆದರು. ಮುಂದೊಂದು ದಿನ ಲಕ್ಷ ಜನ ಬರುತ್ತಾರೆಂದು ಅಡಿಪಾಯವನ್ನು ಆಗಲೇ ಅದಕ್ಕೆ ತಕ್ಕಂತೆ ಹಾಕಿಸಿದ್ದರು. ಇಂಥ ದೂರದೃಷ್ಟಿ ನಮ್ಮ ಕಡೆಯ ಯಾವ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕಾದರೂ ಇದ್ದಿದ್ದರೆ ಎಂದು ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಅಂತರಕಾಲೇಜು ಪಂದ್ಯವೆಂದರೆ ಆಡುವವರು, ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ಆಟಗಾರರ ಒಂದಿಬ್ಬರು ಗೆಳೆಯರಷ್ಟೇ ಮೈದಾನದಲ್ಲಿರುತ್ತಿದ್ದ ಕಾಲೇಜಿನಿಂದ ನಾನು ಬಂದವನು.

ಪಂದ್ಯದ ಶನಿವಾರ ಆನ್ ಆರ್ಬರ್ ಪೂರ್ತಿ ಹಳದಿ ಮತ್ತು ನೀಲಿ. ಸುತ್ತಲಿನ ಮನೆಯವರು ತಮ್ಮ ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ಬಿಟ್ಟು ಹಣ ಪಡೆಯುತ್ತಾರೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವ ಕನ್ನಡಿಗರ ಮಕ್ಕಳೂ ಇಲ್ಲಿ ಓದುತ್ತಾರಾದ್ದರಿಂದ, ಪಾರ್ಕಿಂಗ್ ಜಾಗದಲ್ಲಿ ಬೇಯುವ ಬರ್ಗರ್‌ಗಳ ಪಕ್ಕದಲ್ಲೇ ಪುಳಿಯೋಗರೆಯ ಡಬ್ಬಿ ಬಿಚ್ಚಿಕೊಂಡವರೂ ಕಣ್ಣಿಗೆ ಬೀಳುತ್ತಾರೆ. ತಿನ್ನುವುದೆಲ್ಲ ಹೊರಗೇ ಮುಗಿಯಬೇಕು. ವಾದ್ಯವೃಂದವು ಸುರಂಗದಿಂದ ಓಡಿಬಂದು ಸಾಲುಗಟ್ಟುತ್ತದೆ, ಅದರ ಮುಂದಾಳು ಹಿಂದಕ್ಕೆ ಬಾಗಿ ತಲೆಯನ್ನು ನೆಲಕ್ಕೆ ತಾಗಿಸುತ್ತಾನೆ. ಆಮೇಲೆ ಹಳೆಯ ಆಟಗಾರರ ಸಂಘದವರು ಹಿಡಿದು ನಿಂತ ನೀಲಿ ಬ್ಯಾನರಿನ ಕೆಳಗೆ ತಂಡ ಓಡಿಬರುತ್ತದೆ, ಪ್ರತಿಯೊಬ್ಬ ಆಟಗಾರನೂ ಜಿಗಿದು ಕೈಯಿಂದ ಅದನ್ನು ತಟ್ಟಿಯೇ ಮುಂದೆ ಹೋಗಬೇಕು. ರೆಕ್ಕೆಯ ಚಿತ್ತಾರವಿರುವ ಅವರ ಹೆಲ್ಮೆಟ್ಟು 1938ರಲ್ಲಿ ಕ್ರಿಸ್ಲರ್ ತಂದದ್ದು. ಅಂಕ ಬಂದಾಗಲೆಲ್ಲ ಕೇಳುವ ವಿಜಯಗೀತೆಯನ್ನು 1898ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಅಂಕದಿಂದ ಗೆದ್ದಾಗ ಇಲ್ಲಿನ ವಿದ್ಯಾರ್ಥಿಯೊಬ್ಬ ರಚಿಸಿದ.

ಎದುರಾಳಿಯೆಂದರೆ ನೆರೆಯ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ. 1897ರಿಂದ ಇರುವ ಈ ಪೈಪೋಟಿಯ ಬಗ್ಗೆ ಬರೆದವರು ಬೇಕಾದಷ್ಟು ಜನ, ನಾನು ಹೊಸದಾಗಿ ಸೇರಿಸುವಂಥದ್ದೇನೂ ಇಲ್ಲ. ನನಗೆ ಅದಕ್ಕಿಂತ ಇಷ್ಟವಾಗುವುದು ಮಿನೆಸೋಟಾ ವಿಶ್ವವಿದ್ಯಾಲಯದ ಹೂಜಿಯ ಕಥೆ. 1903ರಲ್ಲಿ ಅಲ್ಲಿಗೆ ಆಡಲು ಹೋದ ಯೋಸ್ಟ್ ಅವರಿಗೆ ಊರಿನ ನೀರಿನ ಮೇಲೆ ನಂಬಿಕೆಯಿರಲಿಲ್ಲ, ಅಂಗಡಿಯಿಂದ ಮಣ್ಣಿನ ಹೂಜಿಯೊಂದನ್ನು ತರಿಸಿದರು. ಪಂದ್ಯ 6-6ರಲ್ಲಿ ಸಮವಾಯಿತು, ಗಲಾಟೆಯಲ್ಲಿ ಹೂಜಿ ಅಲ್ಲೇ ಉಳಿಯಿತು. ಬೇಕಿದ್ದರೆ ಗೆದ್ದು ತೆಗೆದುಕೊಂಡು ಹೋಗಿ ಎಂದು ಮಿನೆಸೋಟಾದವರು ಹೇಳಿದ್ದರಿಂದ, ಬಿಡಿಗಾಸಿನ ಆ ಹೂಜಿಗಾಗಿ ಎರಡು ವಿಶ್ವವಿದ್ಯಾಲಯಗಳು ಇಂದಿಗೂ ಸೆಣಸುತ್ತಿವೆ.

ಇವೆಲ್ಲವೂ ಕ್ರೀಡಾಂಗಣದಲ್ಲಿ ಮತ್ತೆ ಮತ್ತೆ ಹೇಳುವ ಕಥೆಗಳು. 1934ರ ಅಕ್ಟೋಬರ್ 20ರ ಪಂದ್ಯವನ್ನು ಮಾತ್ರ ಯಾರೂ ಅಷ್ಟು ಉತ್ಸಾಹದಿಂದ ಹೇಳುವುದಿಲ್ಲ. ಅಂದು ದಕ್ಷಿಣದಿಂದ ಜಾರ್ಜಿಯಾ ಟೆಕ್ ತಂಡ ಬರುವುದಿತ್ತು, ಕಪ್ಪು ಆಟಗಾರನಿದ್ದರೆ ತಾವು ಆಡುವುದಿಲ್ಲವೆಂದು ಅವರು ಮೊದಲೇ ತಿಳಿಸಿದ್ದರು. ಮಿಶಿಗನ್ ತಂಡದಲ್ಲಿದ್ದ ಏಕೈಕ ಕಪ್ಪು ಆಟಗಾರ ಡೆಟ್ರಾಯಿಟಿನ ವಿಲ್ಲಿಸ್ ವಾರ್ಡ್. ಆತ ತಂಡದ ಒಳ್ಳೆಯ ಆಟಗಾರರಲ್ಲೊಬ್ಬ, ಓಟ ಮತ್ತು ಜಿಗಿತದಲ್ಲಿ ಇನ್ನೂ ಒಳ್ಳೆಯ ಹೆಸರಿದ್ದವನು. ವಿದ್ಯಾರ್ಥಿಗಳು ಸಭೆ ಸೇರಿದರು, ವಾರ್ಡ್ ಆಡಬೇಕೆಂಬ ಮನವಿಗೆ ಸಹಿ ಸಂಗ್ರಹಿಸಿದರು. ನಿರ್ದೇಶಕರ ಕುರ್ಚಿಯಲ್ಲಿದ್ದ ಯೋಸ್ಟ್ ಮಣಿಯಲಿಲ್ಲ. ವಾರ್ಡ್ ಹೊರಗುಳಿಯಬೇಕಾಯಿತು, ಅದಕ್ಕೆ ಬದಲಾಗಿ ಜಾರ್ಜಿಯಾದವರೂ ತಮ್ಮ ಆಟಗಾರನೊಬ್ಬನನ್ನು ಹೊರಗಿಟ್ಟರು, ಲೆಕ್ಕ ಸರಿಹೋಯಿತೆಂಬಂತೆ! ವಾರ್ಡ್‌ಗೆ ಗೆಳೆಯನಾಗಿದ್ದ ಸಹಆಟಗಾರನೊಬ್ಬ ತಂಡ ಬಿಡುವ ಮಾತಾಡಿ, ಕೊನೆಗೆ ಆಡಿದ. ಆತನ ಹೆಸರು ಜೆರಾಲ್ಡ್ ಫೋರ್ಡ್, ನಲವತ್ತು ವರ್ಷಗಳ ನಂತರ ಅಮೆರಿಕದ ಅಧ್ಯಕ್ಷನಾದವನು. ಮಿಶಿಗನ್ 9-2ರಲ್ಲಿ ಗೆದ್ದಿತು. ಆ ಇಡೀ ಋತುವಿನಲ್ಲಿ ಅದು ಗೆದ್ದ ಪಂದ್ಯ ಇದೊಂದೇ.

ವಾರ್ಡ್ ಮುಂದೆ ವಕೀಲರಾಗಿ, ನ್ಯಾಯಾಧೀಶರಾದರು. ವಿಶ್ವವಿದ್ಯಾಲಯದ ಪ್ರವೇಶ ನೀತಿ ಕೋರ್ಟು ಮೆಟ್ಟಿಲೇರಿದ್ದ 1999ರಲ್ಲಿ, ವೃದ್ಧರಾಗಿದ್ದ ಫೋರ್ಡ್ ಪತ್ರಿಕೆಗೆ ಲೇಖನ ಬರೆದು, ಅರವತ್ತೈದು ವರ್ಷ ಹಿಂದಿನ ಆ ಪಂದ್ಯವನ್ನು ನೆನಪಿಸಿ, ಎಲ್ಲ ಬಣ್ಣದ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿಡುವ ನೀತಿಯನ್ನು ಸಮರ್ಥಿಸಿದರು. ಬಾಂಡ್ ಮಾರಿ ಕ್ರೀಡಾಂಗಣ ಕಟ್ಟಿದ ಯೋಸ್ಟ್ ಮತ್ತು ಅದೇ ಕ್ರೀಡಾಂಗಣದಿಂದ ವಾರ್ಡ್‌ನನ್ನು ದೂರವಿಟ್ಟ ಯೋಸ್ಟ್ ಒಬ್ಬರೇ ಆಗಿರುವುದರಿಂದ, ಮೊದಲನೆಯದನ್ನು ಹೇಳುವ ಬಾಯಿ ಎರಡನೆಯದನ್ನೂ ಹೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆ ಪಂದ್ಯ ನಡೆದು ಏಳು ತಿಂಗಳಿಗೆ, 1935ರ ಮೇ 25ರಂದು, ಕ್ರೀಡಾಂಗಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ ಫೆರಿ ಫೀಲ್ಡ್ ಮೈದಾನದಲ್ಲಿ ಬಿಗ್ ಟೆನ್ ಎಂಬ ಕ್ರೀಡಾ ಒಕ್ಕೂಟಕ್ಕೆ ಸೇರಿದ ವಿಶ್ವವಿದ್ಯಾಲಯಗಳ ಅಥ್ಲೆಟಿಕ್ಸ್ ಕೂಟ ನಡೆಯಿತು. ಒಹಾಯೊ ಸ್ಟೇಟ್‌ನಿಂದ ಬಂದ ಜೆಸ್ಸಿ ಓವೆನ್ಸ್ ಬೆನ್ನುನೋವಿನಲ್ಲೇ ಓಟಕ್ಕಿಳಿದರು. ನೂರು ಗಜದ ಓಟದಲ್ಲಿ 9.4 ಸೆಕೆಂಡಿನ ವಿಶ್ವದಾಖಲೆಯನ್ನು ಸರಿಗಟ್ಟಿ, ಉದ್ದ ಜಿಗಿತದಲ್ಲಿ ಒಂದೇ ಒಂದು ಸಲ ಜಿಗಿದು 8.13 ಮೀಟರ್ ದಾಟಿ, ಬಳಿಕ 220 ಗಜದ ಓಟ ಮತ್ತು 220 ಗಜದ ತಗ್ಗು ಹರ್ಡಲ್ಸ್‌ಗಳಲ್ಲಿಯೂ ಹೊಸ ದಾಖಲೆ ಬರೆದರು. ಇಷ್ಟೂ ನಡೆದದ್ದು ಮುಕ್ಕಾಲು ಗಂಟೆಯೊಳಗೆ. ಆ ಜಿಗಿತದ ದಾಖಲೆ 25 ವರ್ಷ ಉಳಿಯಿತು. ಓವೆನ್ಸ್ ಕೂಡ ಕಪ್ಪು ಆಟಗಾರ, ಹಾಗಾಗಿ ತಮ್ಮದೇ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಅವರಿಗೆ ಜಾಗವಿರಲಿಲ್ಲ. ಮಿಶಿಗನ್‌ನ ನೆಲದಲ್ಲಿ ನಡೆದ ಅತ್ಯುತ್ತಮ ಕ್ರೀಡಾ ಸಾಧನೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಎದುರಾಳಿ ತಂಡದ ಈ ವಿದ್ಯಾರ್ಥಿಯ ಹೆಸರನ್ನೇ.

ಹೆಣ್ಣುಮಕ್ಕಳ ಅಧಿಕೃತ ತಂಡಗಳು ಇಲ್ಲಿ ಹುಟ್ಟಿದ್ದು 1973ರಲ್ಲಿ, ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಕಾನೂನು ಬಂದ ಮರುವರ್ಷ. ವಾದ್ಯವೃಂದಕ್ಕೂ 1972ರವರೆಗೆ ಅವರಿಗೆ ಪ್ರವೇಶವಿರಲಿಲ್ಲ. ಅಷ್ಟು ತಡವಾಗಿ ಆರಂಭವಾದರೂ, ಕ್ಯಾರಲ್ ಹಚಿನ್ಸ್ ಅವರ ತರಬೇತಿಯಲ್ಲಿ ಬೆಳೆದ ಸಾಫ್ಟ್‌ಬಾಲ್ ತಂಡವು 2005ರಲ್ಲಿ ಬಲಿಷ್ಠವಾದ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡವನ್ನು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಫೈನಲಿನಲ್ಲಿ ಸೋಲಿಸಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ಯಾವ ವಿಶ್ವವಿದ್ಯಾಲಯವೂ ಅದುವರೆಗೆ ಆ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. ಏಪ್ರಿಲ್‌ವರೆಗೂ ಹಿಮ ಬೀಳಬಹುದಾದ ಊರಿನವರು ವರ್ಷವಿಡೀ ಬಿಸಿಲಿನಲ್ಲಿ ಆಡುವ ಕ್ಯಾಲಿಫೋರ್ನಿಯಾದವರನ್ನು ಸೋಲಿಸುವುದು ಸಣ್ಣ ಮಾತಲ್ಲ.

ಈ ತಂಡಗಳ ಖರ್ಚಿಗೆಲ್ಲ ಮುಖ್ಯ ಆಧಾರ ಫುಟ್ಬಾಲಿನ ಗಳಿಕೆ. ಶನಿವಾರದ ಟಿಕೆಟ್ಟು ಮತ್ತು ದೂರದರ್ಶನ ಪ್ರಸಾರದ ಹಣದಿಂದಲೇ ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್, ದೋಣಿಸ್ಪರ್ಧೆಯ ತಂಡಗಳು ನಡೆಯುತ್ತವೆ. ಆ ಹಣಕ್ಕೆ ಈಗ ಹೊಸ ಪಾಲುದಾರರು ಬಂದಿದ್ದಾರೆ. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೇ ನೇರವಾಗಿ ಹಂಚಬಹುದಾಗಿದೆ. ಲಕ್ಷ ಜನರನ್ನು ರಂಜಿಸಿ ಮೊಣಕಾಲು ಮುರಿದುಕೊಳ್ಳುವ ಹುಡುಗನಿಗೆ ಪಾಲು ಸಿಗುವುದು ನ್ಯಾಯವೇ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಅದರ ಬಹುಪಾಲು ಫುಟ್ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೇ ಹೋಗುವುದರಿಂದ, ಟಿಕೆಟ್ ಮಾರಾಟವಾಗದ ಸಣ್ಣ ತಂಡಗಳ ಬಜೆಟ್ಟಿಗೆ ಕತ್ತರಿ ಬೀಳುವ ಭಯ ಅಮೆರಿಕದ ಎಲ್ಲ ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ಇದೆ. ಓದಲೆಂದು ಊರಿನಿಂದ ಹೊಸದಾಗಿ ಬರುವ ನಮ್ಮ ಹುಡುಗರು ಫುಟ್ಬಾಲ್ ಟಿಕೆಟ್ಟಿಗೆ ದುಡ್ಡು ಹೊಂದಿಸುವುದು ಹೇಗೆಂದು ನನ್ನನ್ನು ಕೇಳುತ್ತಿರುತ್ತಾರೆ. ಒಂದು ಪಂದ್ಯ ನೋಡಿ, ಆಮೇಲೆ ವಸಂತ ಬರುತ್ತಲೇ ಸಾಫ್ಟ್‌ಬಾಲ್ ಮೈದಾನಕ್ಕೆ ಹೋಗಿ ಎನ್ನುತ್ತೇನೆ. ಅಲ್ಲಿ ಟಿಕೆಟ್ಟು ಅಗ್ಗ, ಆಟ ಹತ್ತಿರದಿಂದ ಕಾಣುತ್ತದೆ, ಕ್ರಿಕೆಟ್ ಬಲ್ಲವರಿಗೆ ಅರ್ಥವಾಗಲು ಎರಡು ಇನ್ನಿಂಗ್ಸ್ ಸಾಕು.