ತಲೆ ಎತ್ತಿದರೆ ಕಿವಿ ಇಳಿಯುತ್ತದೆ

ಹಾಸನ, ಜುಲೈ 13, 2025, ಭಾನುವಾರ

ಪುನರ್ವಸು ಮಳೆ ಬೆಳಗಿನಿಂದ ಜಿಟಿಜಿಟಿ ಹಿಡಿದಿದೆ. ಬೇಲೂರಿಗೆ ಹೋಗಿ ಗುಡಿಯ ಸುತ್ತಲಿನ ಕಲ್ಲಿನ ಜಗತಿ ಮೇಲೆ ಕೂತು ಚಿತ್ರ ಬರೆಯುವ ಹವೆಯಲ್ಲ. ಬೇಸಿಗೆಯಲ್ಲಿ ಫೋನಿನಲ್ಲಿ ತೆಗೆದಿಟ್ಟ ಶಿಲಾಬಾಲಿಕೆಯರ ಫೋಟೋಗಳೇ ಇವತ್ತಿನ ರೆಫರೆನ್ಸ್. ಅಭ್ಯಾಸದ ವಿಷಯ ಒಂದೇ: ಕೆಳಗಿನಿಂದ ನೋಡಿದ ತಲೆ, ಅದರ ಕೆಳಗೆ ನಿಂತ ಮೈ.

ಆನಿಮೆ, ಅಂದರೆ ಜಪಾನಿನ ಕಾರ್ಟೂನ್ ಶೈಲಿಗೂ ಹೊಯ್ಸಳರ ಕಲ್ಲಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಹವ್ಯಾಸಕ್ಕೆ ಆನಿಮೆ ಬರೆಯುವವರ ಸ್ಕೆಚ್ ಪುಸ್ತಕ ತಿರುವಿದರೆ ಹೆಚ್ಚಾಗಿ ಸಿಗುವುದು ಒಂದೇ ಮುಖ. ಎಡಕ್ಕೆ ಅರ್ಧ ತಿರುಗಿದ್ದು, ಕಣ್ಣಿನ ಮಟ್ಟದಲ್ಲೇ ಇರುವುದು, ಕತ್ತಿನ ಕೆಳಗೆ ಗೆರೆ ಮುಗಿದಿರುವುದು. ಬಲಗೈಯವರಿಗೆ ಆ ಕಡೆಯ ಕೆನ್ನೆಯ ಬಾಗು ಸಲೀಸು, ಅದಕ್ಕೇ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅದನ್ನೇ ನೂರು ಸಲ ಬರೆದರೆ ಆ ಮುಖವೊಂದು ನಯವಾಗುತ್ತದೆ, ಪಾತ್ರ ತಲೆ ಎತ್ತಿದ ಕೂಡಲೇ ಎಲ್ಲ ಕೆಡುತ್ತದೆ. ಪರದೆಯ ಮೇಲಿನ ಚಿತ್ರವನ್ನು ಬೇರೆ ಯಾರೋ ಆಗಲೇ ಚಪ್ಪಟೆ ಮಾಡಿಕೊಟ್ಟಿರುತ್ತಾರೆ. ಯಾವ ಗೆರೆ ಇಟ್ಟುಕೊಂಡರು, ಯಾವುದನ್ನು ಬಿಟ್ಟರು ಅನ್ನುವುದು ನಕಲು ಮಾಡುವವರಿಗೆ ಸಿಗುತ್ತದೆ, ಯಾಕೆ ಬಿಟ್ಟರು ಅನ್ನುವುದು ಸಿಗುವುದಿಲ್ಲ.

ಜಪಾನಿನ ಸ್ಟುಡಿಯೋಗಳಲ್ಲಿ ಒಂದು ಪಾತ್ರಕ್ಕೆ ಮೊದಲು ‘ಸೆತ್ತೇ’ ಅನ್ನುವ ಹಾಳೆ ತಯಾರಾಗುತ್ತದೆ. ಅದರಲ್ಲಿ ಅದೇ ಪಾತ್ರ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಇರುತ್ತದೆ, ಯಾಕೆಂದರೆ ಅದನ್ನು ಹತ್ತಾರು ಕೈಗಳು ಬರೆಯಬೇಕು. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಟೀವಿ ಆನಿಮೆಯಲ್ಲಿ ಒಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದು ಸೆಕೆಂಡಿಗೆ 8 ಚಿತ್ರದಲ್ಲಿ ಮುಗಿಸುವುದು ರೂಢಿ. ಅಷ್ಟಾದರೂ ಕೆಲಸ ಬೆಟ್ಟದಷ್ಟು, ಹಾಗಾಗಿ ಗೆರೆಗಳು ಕಮ್ಮಿ. ಮೂಗಿಗೆ ಒಂದು ಚುಕ್ಕೆ, ಬಾಯಿಗೆ ಒಂದು ಗೀಟು. ಗೆರೆ ಕಮ್ಮಿಯಾದಷ್ಟೂ ಪ್ರತಿ ಗೆರೆಯ ಜಾಗ ಕರಾರುವಾಕ್ಕಾಗಿರಬೇಕು. ಶೇಡಿಂಗ್ ತುಂಬಿದ ಭಾವಚಿತ್ರದಲ್ಲಿ 3 ಮಿಲಿಮೀಟರ್ ತಪ್ಪು ಮುಚ್ಚಿಹೋಗುತ್ತದೆ, ಆನಿಮೆ ಮುಖದಲ್ಲಿ ಬೆತ್ತಲಾಗಿ ನಿಲ್ಲುತ್ತದೆ.

ಬೇಲೂರು ಇಲ್ಲಿ ನೆರವಿಗೆ ಬರುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಸೂರಿನಡಿ ನಿಂತ ಮದನಿಕೆಯರು, ಒಳಗಿನವರನ್ನೂ ಸೇರಿಸಿದರೆ 42. ಸೂರಿನಡಿಯವರನ್ನು ಶಿಲ್ಪಿಗಳು ಮುಂದಕ್ಕೆ ವಾಲಿಸಿ ಕೂರಿಸಿದ್ದಾರೆ. ಅದರಿಂದ ದೂರ ನಿಂತರೆ ಮುಖ ಹೆಚ್ಚುಕಡಿಮೆ ನೇರಕ್ಕೆ ಕಾಣುತ್ತದೆ, ಗೋಡೆಯ ಹತ್ತಿರ ಬಂದಷ್ಟೂ ಗದ್ದದ ಅಡಿಭಾಗ ತೆರೆದುಕೊಳ್ಳುತ್ತದೆ. ಅಂದರೆ ಒಂದೇ ತಲೆ, ನಾಲ್ಕು ಹೆಜ್ಜೆಗೆ ನಾಲ್ಕು ಕೋನ. ಫೋಟೋ ತೆಗೆಯುವವರು ಒಂದೇ ಬೊಂಬೆಯನ್ನು ಹತ್ತು ಹೆಜ್ಜೆ, ಐದು ಹೆಜ್ಜೆ, ಎರಡು ಹೆಜ್ಜೆ ದೂರದಿಂದ ತೆಗೆಯಿರಿ. ಮೈ ಅಳತೆಗೆ ಬೇಕಾದದ್ದನ್ನು ಮಾತ್ರ ದೂರದಿಂದ ಝೂಮ್ ಹಾಕಿ ತೆಗೆಯಬೇಕು. ಫೋನನ್ನು ತೀರಾ ಹತ್ತಿರ ಹಿಡಿದರೆ ಹತ್ತಿರದ ಕಾಲು ದಪ್ಪಗಾಗಿ ತಲೆ ಕಡಲೆಯಷ್ಟಾಗುತ್ತದೆ, ಅಳತೆ ಎಲ್ಲ ಸುಳ್ಳಾಗುತ್ತದೆ.

ಮೊದಲು ತಲೆ. ಪೆನ್ಸಿಲ್ ಹಿಡಿಯುವ ಮುಂಚೆ ಒಂದು ಮೂಸಂಬಿ ತೆಗೆದುಕೊಳ್ಳಿ. ಸ್ಕೆಚ್ ಪೆನ್ನಿನಲ್ಲಿ ಅದರ ನಡು ಸುತ್ತ ಒಂದು ಗೆರೆ, ಅದು ಕಣ್ಣಿನ ಗೆರೆ. ಮೇಲಿನಿಂದ ಕೆಳಕ್ಕೆ ಇನ್ನೊಂದು, ಅದು ಮುಖದ ನಡುಗೆರೆ. ಕಣ್ಣಿನ ಗೆರೆಯ ಮೇಲೇ ಎಡಬಲ ಪಕ್ಕಗಳಲ್ಲಿ ಕಿವಿಗೆ ಒಂದೊಂದು ಚುಕ್ಕೆ. ಈಗ ಹಣ್ಣನ್ನು ಕಣ್ಣಿನ ನೇರಕ್ಕೆ ಹಿಡಿದು ನಿಧಾನವಾಗಿ ಹಿಂದಕ್ಕೆ ವಾಲಿಸಿ. ಗೆರೆಯ ನಡುಭಾಗ ಮೇಲೇರಿ ಕಮಾನಾಗುತ್ತದೆ, ಪಕ್ಕದ ಚುಕ್ಕೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ಮುಖ ಮೇಲೆ ಹೋಯಿತು, ಕಿವಿ ಕೆಳಗೇ ಉಳಿಯಿತು. ಇದನ್ನು ಕೈಯಲ್ಲಿ ಹಿಡಿದು ಒಂದು ಸಲ ನೋಡಿದವರಿಗೆ ಮತ್ತೆ ಮರೆಯುವುದಿಲ್ಲ.

ಹಾಳೆಯ ಮೇಲೆ: 6 ಸೆಂಟಿಮೀಟರ್ ಅಗಲದ ವೃತ್ತ, ಎಚ್‌ಬಿ ಪೆನ್ಸಿಲಿನಲ್ಲಿ, ಒತ್ತದೆ, ಮಣಿಕಟ್ಟಿನಿಂದಲ್ಲ, ಭುಜದಿಂದ ಕೈ ಆಡಿಸಿ. ನೇರ ನೋಡುವ ಮುಖಕ್ಕಾದರೆ ಗದ್ದದ ತುದಿ ವೃತ್ತದಿಂದ 2 ಸೆಂಟಿಮೀಟರ್ ಕೆಳಗೆ, ಒಟ್ಟು ತಲೆ 8. ಕಣ್ಣಿನ ಗೆರೆ ನೆತ್ತಿಯಿಂದ ಸುಮಾರು 4.5ಕ್ಕೆ, ಅರ್ಧಕ್ಕಿಂತ ಒಂಚೂರು ಕೆಳಗೆ. ಆನಿಮೆ ಮುಖಕ್ಕೆ ಎಳೆತನ ಬರುವುದು ಆ ಒಂಚೂರಿನಿಂದ. ಈಗ ಅದೇ ತಲೆಯನ್ನು ಕೆಳಗಿನಿಂದ ನೋಡುವ ಹಾಗೆ, ಮಾಂಗಾದವರು (ಜಪಾನಿನ ಕಾಮಿಕ್ಸ್ ಬರೆಯುವವರು) ‘ಅಓರಿ’ ಅನ್ನುವ ಕೋನಕ್ಕೆ ತಿರುಗಿಸಬೇಕು. ಕಣ್ಣಿನ ಗೆರೆಯ ನಡು 3.5ರ ಆಸುಪಾಸಿಗೆ ಏರಲಿ, ಗುಡ್ಡದ ಹಾಗೆ ಬಾಗಲಿ. ಹುಬ್ಬು, ಮೂಗಿನ ಬುಡ, ಬಾಯಿ ಎಲ್ಲವೂ ಅದೇ ಬಾಗು ಹಿಡಿಯಬೇಕು. ಮೂಗು ಕಣ್ಣಿಗೆ ಹತ್ತಿರ ಬರುತ್ತದೆ, ಹಣೆ ಸಣ್ಣದಾಗುತ್ತದೆ, ಕಿವಿಯ ಮೇಲ್ತುದಿ ಕಣ್ಣಿನ ಮಟ್ಟ ಬಿಟ್ಟು ಮೂಗಿನ ಮಟ್ಟಕ್ಕೆ ಇಳಿಯುತ್ತದೆ. ದವಡೆಯ ಅಂಚಿಗೂ ಕತ್ತಿಗೂ ನಡುವೆ ಹೊಸದೊಂದು ಜಾಗ ಕಾಣಬೇಕು: ಗದ್ದದ ಅಡಿ. ಇದನ್ನು ಮರೆತರೆ ಕತ್ತು ಗದ್ದದ ತುದಿಯಿಂದಲೇ ನೇತುಬಿದ್ದ ಹಾಗೆ ಆಗುತ್ತದೆ. ಕತ್ತು ಹೊರಡುವುದು ಕಿವಿಯ ಹಿಂದಿನಿಂದ.

ಇವತ್ತಿನ ಹನ್ನೆರಡು ತಲೆಗಳಲ್ಲಿ ಐದು ಕೆಟ್ಟವು, ಐದರಲ್ಲೂ ಕಾರಣ ಒಂದೇ. ಗದ್ದವನ್ನು ಎತ್ತಿಯಾಯಿತು, ಕಣ್ಣು ಕಿವಿ ಹಳೇ ಜಾಗದಲ್ಲೇ ಉಳಿದವು. ಆಗ ಮುಖ ಉದ್ದವಾಗಿ, ತಲೆಗೆ ಮುಖವಾಡ ಕಟ್ಟಿದ ಹಾಗೆ ಕಾಣುತ್ತದೆ. ಇದನ್ನು ರಬ್ಬರ್ ಹಾಕಿ ಸರಿ ಮಾಡಲು ಹೋಗಬಾರದು. ಪಕ್ಕದಲ್ಲಿ ಹೊಸ ವೃತ್ತ ಹಾಕಿ ಮೊದಲಿಂದ ಬರೆಯಬೇಕು, ಯಾಕೆಂದರೆ ಬುಡದ ಗುಂಡೇ ತಪ್ಪಿದೆ.

ಕೂದಲಿನ ಬಗ್ಗೆ ಒಂದು ಮಾತು. ಎಲ್ಲ ಕೂದಲೂ ಸುಳಿಯಿಂದ ಹೊರಡುತ್ತದೆ. ಈ ಕೋನದಲ್ಲಿ ಸುಳಿ ತಲೆಯ ಹಿಂದೆ ಮರೆಯಾದರೂ ಗೆರೆಗಳು ಅಲ್ಲಿಗೇ ಹೋಗಿ ಸೇರಬೇಕು. ಸುಳಿಗೆ ಒಂದು ಚುಕ್ಕೆ ಇಟ್ಟುಕೊಂಡೇ ಎಳೆಯಿರಿ. ಬುರುಡೆಯ ಗೆರೆಗಿಂತ 5ರಿಂದ 8 ಮಿಲಿಮೀಟರ್ ಹೊರಗೆ ಕೂದಲಿನ ಗೆರೆ. ಅಷ್ಟು ಬಿಡದಿದ್ದರೆ ಈಜುಟೋಪಿ ಹಾಕಿದ ಹಾಗಾಗುತ್ತದೆ.

ಮಧ್ಯಾಹ್ನ ಮೈ. ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯ ಒಡವೆ, ತಲೆಯ ಮೇಲಿನ ಬಳ್ಳಿಯ ಕಮಾನು ಎಲ್ಲವನ್ನೂ ಕಣ್ಣಿನಿಂದಲೇ ತೆಗೆದುಹಾಕಿ ಬರೀ ನಿಲುವನ್ನು ನೋಡಬೇಕು. ಕುಸುರಿ ಕೆಲಸ ಅಷ್ಟು ಸೊಗಸಾಗಿದೆ, ಕಣ್ಣು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಗಡಿಯಾರ ಬೇಕು. ಮೊದಲ ಹತ್ತು ಸ್ಕೆಚ್ 30 ಸೆಕೆಂಡಿನವು, ಮೂರೇ ಗೆರೆ: ಗಂಟಲ ಗುಳಿಯಿಂದ ಹೊಕ್ಕುಳ ದಾಟಿ ಇಳಿಯುವ ಬಾಗು, ಭುಜದ ಓರೆ, ಸೊಂಟದ ಓರೆ. ಭಾರ ಹೊತ್ತ ಕಾಲಿನ ಕಡೆ ಸೊಂಟ ಏರುತ್ತದೆ, ಅದೇ ಕಡೆ ಭುಜ ಇಳಿಯುತ್ತದೆ, ತಲೆ ಮತ್ತೊಂದು ಕಡೆಗೆ ವಾಲಿ ಲೆಕ್ಕ ಸರಿದೂಗಿಸುತ್ತದೆ. ನಮ್ಮ ಶಿಲ್ಪಿಗಳ ತ್ರಿಭಂಗಿ ಅಂದರೆ ಇದೇ. ಆನಿಮೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಹುಡುಗಿಯ ಪೋಸಿನಲ್ಲಿ ಕೆಲಸ ಮಾಡುವುದೂ ಇದೇ ತೂಕ. ಎರಡು ಓರೆಗಳೂ ಸಮಾನಾಂತರವಾದರೆ ಪಾತ್ರ ಬಟ್ಟೆ ಅಂಗಡಿಯ ಬೊಂಬೆಯಾಗುತ್ತದೆ.

ಆಮೇಲೆ ಐದು ಸ್ಕೆಚ್ 2 ನಿಮಿಷದವು. ಇಲ್ಲಿ ಗಾರೆಯವರ ತೂಕದ ಗುಂಡನ್ನು ನೆನೆಸಿಕೊಳ್ಳಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರೆ ಗಂಟಲ ಗುಳಿಯಿಂದ ಇಳಿಬಿಟ್ಟ ನೇರಗೆರೆ ಆ ಕಾಲಿನ ಹಿಮ್ಮಡಿಯ ಹತ್ತಿರ ಬೀಳಬೇಕು. ಒಂದು ಸೆಂಟಿಮೀಟರ್ ಹೊರಗೆ ಹೋದರೂ ಪಾತ್ರ ಬೀಳುತ್ತಿರುವ ಹಾಗೆ ಕಾಣುತ್ತದೆ. ಸೂರಿನ ಬೊಂಬೆಗಳೇ ವಾಲಿ ನಿಂತಿರುವುದರಿಂದ ಫೋಟೋದ ಅಂಚನ್ನು ನಂಬಿ ಗೆರೆ ಇಳಿಸಬಾರದು. ಬೊಂಬೆ ನಿಂತ ಪೀಠಕ್ಕೆ ಲಂಬವಾಗಿ ಇಳಿಸಿದರೆ ಸರಿ ಬರುತ್ತದೆ.

ಕೊನೆಗೆ 20 ನಿಮಿಷದ ಒಂದು ಚಿತ್ರ, ಅದೇ ನಿಲುವನ್ನು ಆನಿಮೆ ಅಳತೆಗೆ ತರುವುದು. ತಲೆ 2.5 ಸೆಂಟಿಮೀಟರ್, ಎತ್ತರ ಆರೂವರೆ ತಲೆ, ಅಂದರೆ ಸುಮಾರು 16 ಸೆಂಟಿಮೀಟರ್. ಎ4 ಹಾಳೆಯಲ್ಲಿ ಸುತ್ತ ಜಾಗ ಉಳಿಯುತ್ತದೆ. ಉದ್ದ ಮಾಡುವುದಿದ್ದರೆ ಕಾಲನ್ನು ಮಾಡಿ: ಕಾಲು ಕೂಡುವ ಜಾಗ ಎತ್ತರದ ಅರ್ಧಕ್ಕಿಂತ 3-4 ಮಿಲಿಮೀಟರ್ ಮೇಲೆ ಬರಲಿ. ಹೊಟ್ಟೆಯನ್ನು ಎಳೆದರೆ ತ್ರಿಭಂಗಿಯ ಬಾಗು ಸಡಿಲವಾಗಿ ಮೈ ರಬ್ಬರಿನ ಹಾಗಾಗುತ್ತದೆ. ಎರಡು-ಮೂರು ತಲೆ ಎತ್ತರದ ಚಿಬಿ, ಅಂದರೆ ದೊಡ್ಡ ತಲೆಯ ಗಿಡ್ಡ ಪಾತ್ರ ಬರೆಯುವವರಿಗೂ ಸೊಂಟ ಭುಜಗಳ ಓರೆ ಬೇಕು, ಕಾಣುವುದು ಒಂದೆರಡು ಮಿಲಿಮೀಟರ್ ಮಾತ್ರ.

ಶಾಯಿ ಹಾಕುವಾಗ ಮಳೆಗಾಲದ ತೊಂದರೆ ಎದುರಾಯಿತು. 75 ಜಿಎಸ್‌ಎಂ ಜೆರಾಕ್ಸ್ ಹಾಳೆ ತೇವ ಹೀರಿ ಮೆತ್ತಗಾಗಿತ್ತು. ರಬ್ಬರ್ ಉಜ್ಜಿದ ಕಡೆ ನೂಲೆದ್ದು, ಅದರ ಮೇಲೆ ಎಳೆದ ಶಾಯಿ ಇರುವೆ ಕಾಲಿನ ಹಾಗೆ ಹರಡಿತು. ಪೆನ್ನಿನದೇನೂ ತಪ್ಪಿಲ್ಲ. ಹಾಳೆಗಳನ್ನು ಜಿಪ್ ಕವರಿನಲ್ಲಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಎಷ್ಟೋ ವಾಸಿ. ಶಾಯಿಯ ಚಿತ್ರಕ್ಕೆ ಸ್ವಲ್ಪ ದಪ್ಪದ, ನುಣುಪಾದ ಹಾಳೆ ಬೇಕು. ಪಿಗ್ಮಾ ಮೈಕ್ರಾನ್ ಪೆನ್ನುಗಳಲ್ಲಿ 05 ಅಂದರೆ 0.45 ಮಿಲಿಮೀಟರ್, 01 ಅಂದರೆ 0.25. ಹೊರಗೆರೆ, ಮೇಲಿನ ರೆಪ್ಪೆ, ಗದ್ದದ ಅಡಿಗೆ 05. ಮೂಗು, ಕೆಳರೆಪ್ಪೆ, ಕೂದಲಿನ ಒಳಗೆರೆಗೆ 01. ಎಲ್ಲಕ್ಕೂ ಒಂದೇ ದಪ್ಪ ಹಾಕಿದರೆ ಬಣ್ಣ ತುಂಬುವ ಮಕ್ಕಳ ಪುಸ್ತಕವಾಗುತ್ತದೆ. ಫೋನಿನಲ್ಲಿ ಬರೆಯುವವರಿಗೆ ಲೆಕ್ಕ: 300 ಡಿಪಿಐ ಎ4 ಅಂದರೆ 2480×3508 ಪಿಕ್ಸೆಲ್, ಅದರಲ್ಲಿ ಅರ್ಧ ಮಿಲಿಮೀಟರ್ ಗೆರೆ ಸುಮಾರು 6 ಪಿಕ್ಸೆಲ್.

ಕಣ್ಣಿನಲ್ಲಿ ಎರಡೇ ಎಚ್ಚರ. ಐರಿಸ್‌ನ, ಅಂದರೆ ಕಣ್ಣಿನ ಬಣ್ಣದ ವೃತ್ತದ ಮೇಲಿನ ಕಾಲುಭಾಗ ರೆಪ್ಪೆಯ ಕೆಳಗೆ ಹೋಗಲಿ. ಪೂರ್ತಿ ವೃತ್ತ ಕಂಡರೆ ಪಾತ್ರ ಬೆಚ್ಚಿಬಿದ್ದ ಹಾಗಿರುತ್ತದೆ. ಬೆಳಕಿನ ಬಿಳಿ ಚುಕ್ಕೆ ಎರಡೂ ಕಣ್ಣಿನಲ್ಲಿ ಒಂದೇ ಕಡೆಗಿರಲಿ, ಬೆಳಕು ಬರುವುದು ಒಂದೇ ಕಿಟಕಿಯಿಂದ. ಕನ್ನಡಿಯ ಹಾಗೆ ಎದುರುಬದುರು ಇಟ್ಟರೆ ನೋಟ ಕೂಡುವುದಿಲ್ಲ.

ಬಣ್ಣ ಬೇಡ ಅನ್ನಿಸಿತು. ಗದ್ದದ ಅಡಿ ಮತ್ತು ಕತ್ತಿನ ಮೇಲ್ಭಾಗಕ್ಕೆ ಸೇರಿಸಿ ಒಂದೇ ಚಪ್ಪಟೆ ನೆರಳು ಹಾಕಿದ್ದಕ್ಕೇ ತಲೆ ಹಾಳೆಯಿಂದ ಎದ್ದು ನಿಂತಿತು.

ಸಂಜೆ ತಪ್ಪು ಹಿಡಿಯಲು ಹಾಳೆಯನ್ನು ಮಗುಚಿ ಕಿಟಕಿ ಗಾಜಿಗೆ ಒತ್ತಿ, ಚಿತ್ರವನ್ನು ಹಿಂದಿನಿಂದ ಎಡಬಲ ತಿರುಗಿಸಿ ನೋಡುವ ಪರೀಕ್ಷೆ. ಮೋಡದ ಬೆಳಕು ಸಾಲಲಿಲ್ಲ, ಹಾಳೆಯ ಹಿಂದೆ ಫೋನ್ ಟಾರ್ಚ್ ಹಿಡಿಯಬೇಕಾಯಿತು. ದೂರದ ಕಣ್ಣು ಹತ್ತಿರದ್ದರ ಮುಕ್ಕಾಲು ಅಗಲ ಇರಬೇಕಿತ್ತು, ಸಮಸಮ ಬಂದಿದೆ. ದೂರದ ಭುಜ ಎರಡು ಮಿಲಿಮೀಟರ್ ಮೇಲಿದೆ. ಎರಡನ್ನೂ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ತಾರೀಖು ಬರೆದು ಫೈಲಿಗೆ ಸೇರಿಸಿದ್ದು ಆಯಿತು.

ನಾಳೆ ಅದೇ ಮೂಸಂಬಿಯನ್ನು ಮುಂದಕ್ಕೆ ವಾಲಿಸುವುದು, ಮೇಲಿನಿಂದ ನೋಡುವ ‘ಫುಕಾನ್’ ಕೋನ. ಕಣ್ಣಿನ ಗೆರೆ ತೊಟ್ಟಿಲ ಹಾಗೆ ಕೆಳಕ್ಕೆ ಬಾಗಬೇಕು, ಕಿವಿ ಹುಬ್ಬಿನ ಮಟ್ಟಕ್ಕೆ ಏರಬೇಕು, ಸುಳಿ ಕಾಣಬೇಕು, ಗದ್ದ ಕತ್ತನ್ನು ಮುಚ್ಚಬೇಕು. ಹನ್ನೆರಡು ತಲೆ.