ಹೋದ ಚೀಟಿ ವಾಪಸ್ ಬರಬೇಕು

ಮೊದಲ ವಾರ

ನಮ್ಮ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಹಳೇ ರೆಫರಲ್ ಪುಸ್ತಕ ತೆಗೆದು ಕೂತೆ. ಮನಸ್ಸಿನ ತೊಂದರೆಗೆ ಅಂತ ತಾಲ್ಲೂಕು ಆಸ್ಪತ್ರೆಗೆ ಕಳಿಸಿದವರ ಹೆಸರಿನ ಮುಂದೆಲ್ಲ ಒಂದೇ ಮಾತು: 'ಕಳಿಸಲಾಗಿದೆ'. ಅವರು ಹೋದರಾ, ಡಾಕ್ಟರು ಸಿಕ್ಕರಾ, ಯಾವ ಮಾತ್ರೆ ಕೊಟ್ಟರು, ಒಂದೂ ಗೊತ್ತಿಲ್ಲ. ನಾವು ಬರೆದು ಕೊಟ್ಟ ಚೀಟಿಯಲ್ಲೂ 'ನಿದ್ದೆ ಇಲ್ಲ, ಮನೋವೈದ್ಯರಿಗೆ' ಅಂತಷ್ಟೇ ಇದೆ. ಇಷ್ಟು ಓದಿ ಅಲ್ಲಿನವರಿಗೆ ಏನು ತಿಳಿಯುತ್ತದೆ?

ಎರಡನೇ ವಾರ

ಡಾಕ್ಟರ ಹತ್ತಿರ ಕೂತು ಹೊಸ ಚೀಟಿ ಮಾಡಿದೆವು. ಮೇಲಿನ ಅರ್ಧ ನಮ್ಮದು: ತೊಂದರೆ ಯಾವಾಗಿನಿಂದ, ಈಗ ನುಂಗುತ್ತಿರುವ ಎಲ್ಲಾ ಮಾತ್ರೆ, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಅಂಕ. ಕೆಳಗಿನ ಅರ್ಧ ಅವರದು: ಕೊಟ್ಟ ಮಾತ್ರೆ, ಮುಂದಿನ ತಾರೀಖು, ನಾವು ಇಲ್ಲಿ ಏನು ಗಮನಿಸಬೇಕು.

ಪಿಎಚ್‌ಕ್ಯೂನಲ್ಲಿ ಇರುವುದು 9 ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಜಾಸ್ತಿ ಬಂದರೆ ನಮ್ಮ ಡಾಕ್ಟರು ಕೂತು ಮಾತಾಡಿಸುತ್ತಾರೆ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ 'ಇಲ್ಲ' ಅಲ್ಲದೆ ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋವೈದ್ಯರ 'ಮನೋಚೈತನ್ಯ' ಕ್ಲಿನಿಕ್ಕಿಗೆ ಕಾಯುವುದಿಲ್ಲ. ಆವತ್ತೇ ಮನೋವೈದ್ಯರಿಗೆ ಫೋನ್. ಮನೆಯವರ ಕೈಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದು ಕೊಡುತ್ತೇವೆ.

ಒಬ್ಬ ಅಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಬಸ್ಸಲ್ಲಿ ಯಾರಾದ್ರೂ ಓದಿದ್ರೆ ಊರಿಗೆಲ್ಲಾ ಗೊತ್ತಾಗುತ್ತೆ ಸಿಸ್ಟರ್" ಅಂದರು. ಅವತ್ತಿನಿಂದ ಚೀಟಿ ಲಕೋಟೆಯಲ್ಲೇ ಹೋಗುತ್ತಿದೆ. ಮೇಲೆ ರೂಮ್ ನಂಬರ್ ಮಾತ್ರ.

ನಾಲ್ಕನೇ ವಾರ

ಮೊದಲ ಚೀಟಿ ತಿರುಗಿ ಬಂತು, ಒಬ್ಬ ಯಜಮಾನರದು! ಕೆಳಗಿನ ಅರ್ಧದಲ್ಲಿ ಹೀಗಿತ್ತು: 'ಲಿಥಿಯಂ ಶುರು ಮಾಡಿದ್ದೇವೆ. ನೋವಿನ ಮಾತ್ರೆ ಕೊಡುವ ಮುಂಚೆ ನನಗೆ ಹೇಳಿ. ಒಂದು ವಾರಕ್ಕೆ ರಕ್ತ ಪರೀಕ್ಷೆ.' ಎರಡು ದಿನ ಬಿಟ್ಟು ಅದೇ ಯಜಮಾನರು ಮಂಡಿ ನೋವು ಅಂತ ನಮ್ಮ ಓಪಿಡಿಗೆ ಬಂದರು. ಮಂಡಿ ನೋವಿಗೆ ನಾವು ಸಾಮಾನ್ಯವಾಗಿ ಕೊಡುವುದು ಡೈಕ್ಲೋಫೆನಾಕ್. ಲಿಥಿಯಂ ಅಂದರೆ ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಮಾತ್ರೆ. ಡೈಕ್ಲೋಫೆನಾಕ್ ರಕ್ತದಲ್ಲಿ ಲಿಥಿಯಂ ಏರಿಸುತ್ತದೆ, ಏರಿದರೆ ವಿಷವಾಗುತ್ತದೆ. ಆ ಚೀಟಿ ಬಾರದಿದ್ದರೆ ನಾನೇ ಕೈಯಾರೆ ಕೊಟ್ಟು ಕಳಿಸುತ್ತಿದ್ದೆ. ರಾತ್ರಿಯೆಲ್ಲ ಅದೇ ಯೋಚನೆ.

ಆರನೇ ವಾರ

ಕಾಗದಕ್ಕಿಂತ ಫೋನ್ ಜಾಸ್ತಿ ಕೆಲಸ ಮಾಡುತ್ತಿದೆ ಅನಿಸುತ್ತಿದೆ. ರೋಗಿ ಎದುರಿಗೆ ಇರುವಾಗಲೇ ಅಲ್ಲಿನ ಕೌನ್ಸೆಲರ್‌ಗೆ ಫೋನ್ ಮಾಡಿ ರೋಗಿಯ ಕೈಗೇ ಕೊಡುತ್ತೇನೆ. "ಅಕ್ಕಾ, ಮಂಗಳವಾರ ಬನ್ನಿ, ನಾನೇ ಇರ್ತೀನಿ" ಅಂತ ಆ ಕಡೆಯಿಂದ ಕೇಳಿದರೆ ಮುಖ ಸಡಿಲವಾಗುತ್ತದೆ.

ಖಿನ್ನತೆಯ ಮಾತ್ರೆಯದು ಇನ್ನೊಂದು ಪಾಡು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ದಿನಗಳಲ್ಲೇ. ಸುಮ್ನೆ ಬಿಟ್ಟುಬಿಡುತ್ತಾರೆ. ಈಗ ಹತ್ತನೇ ದಿನ ನಮ್ಮ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕೇಳಿ ಬರುತ್ತಾರೆ.

1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪಿಎಚ್‌ಸಿ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆ ಊರ ಹತ್ತಿರವೇ ಸಿಗುವ ಹಾಗೆ ಮಾಡಿದ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ಚೀಟಿಯ ಆಸೆಯೂ ಅದೇ ಅಲ್ವಾ? ಮಾತ್ರೆಯ ಹೆಸರು ವಾಪಸ್ ಬಂದರೆ ಅದನ್ನು ಇಲ್ಲೇ ಕೊಡಬಹುದು, ಪ್ರತಿ ತಿಂಗಳು ಕೂಲಿ ಬಿಟ್ಟು ತಾಲ್ಲೂಕಿಗೆ ಹೋಗಬೇಕಾಗಿಲ್ಲ.

ಈ ಮಂಗಳವಾರ ನಾಲ್ಕು ಜನ ಹೋಗಿದ್ದರು. ಮೂರು ಚೀಟಿ ಬಂದಿವೆ. ಇನ್ನೊಬ್ಬರ ಫೋನ್ ಸ್ವಿಚ್ ಆಫ್. ನಾಳೆ ಬೆಳಿಗ್ಗೆ ಆಶಾ ಜೊತೆ ಅವರ ಮನೆಗೆ ಹೋಗುತ್ತಿದ್ದೇನೆ.